ಕಾಳು ನನಗೆ, ಕಟ್ಟು ಅಕ್ಕನಿಗೆ

“ಸೊಪ್ಪು ತಿಂತೀಯಾ? ಕಾಳು ತಿಂತೀಯಾ?”

ತರೀಕೆರೆಯ ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದ್ದಕ್ಕೆ ನಮ್ಮಕ್ಕ ಎರಡಕ್ಕೂ ತಲೆಯಾಡಿಸಿದಳು. ಆರು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. “ದಿನಾ ತಿಂತೀನಿ ಮೇಡಂ. ನಮ್ಮನೇಲಿ ಅದ್ಬಿಟ್ರೆ ಇನ್ನೇನಿದೆ?”

“ತಿಂದಿದ್ರೆ ರಕ್ತ ಏಳೂವರೆ ಯಾಕಿರುತ್ತಮ್ಮ? ಮಾತ್ರೆ ಬಿಡ್ಬೇಡ. ಒಂದು ತಿಂಗಳು ಬಿಟ್ಟು ನೋಡ್ತೀನಿ. ಇನ್ನೂ ಇಳಿದಿದ್ರೆ ಶಿವಮೊಗ್ಗಕ್ಕೆ ಬರ್ಕೊಡ್ತೀನಿ, ರಕ್ತ ಏರಿಸ್ಬೇಕಾಗುತ್ತೆ. ಹಿಂಗೇ ಹೆರಿಗೆಗೆ ಬಂದ್ರೆ ನಿನ್ನ ಜೀವಕ್ಕೇ ಕಷ್ಟ.”

ಅಜ್ಜಂಪುರದ ಬಸ್ಸು ಹತ್ತಿದ್ದೇ ತಡ, ನಾನು ನರ್ಸಮ್ಮನಾದೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, “ಏನಪ್ಪಾ ಕಂಡಕ್ಟ್ರೇ, ಸೊಪ್ಪು ತಿಂತೀಯಾ?” ಎಂದೆ. ಬಸ್ಸೆಲ್ಲ ನಕ್ಕಿತು. ಅಕ್ಕನಂತೂ ನಕ್ಕು ನಕ್ಕು ಏದುಸಿರು ಬಿಡುತ್ತ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. “ಸಾಕು ನಿಲ್ಸೋ ಲೇ, ಉಸಿರು ಕಟ್ತದೆ.” ನನ್ನ ಕಲೆಗೆ ಅದು ಚಪ್ಪಾಳೆ ಎಂದುಕೊಂಡೆ. ಜೊತೆಗೆ ಬಂದಿದ್ದ ಅವ್ವ ಮಾತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ನಮ್ಮೂರು ಶಿವನಿಯ ಮಗ್ಗುಲಿಗಿದೆ. ಅವ್ವ ಕೂಲಿಗೆ ಹೋಗುತ್ತಾಳೆ, ನಾನು ಕಡೂರಿನ ಮಂಡಿಯಲ್ಲಿ ಲಾರಿಗೆ ತೆಂಗಿನಕಾಯಿ ಮೂಟೆ ಹೊರುತ್ತೇನೆ. ಸಂತೆಯ ದಿನ ಅವ್ವನ ಸೆರಗಿನ ಗಂಟಿನಲ್ಲಿ ಎಷ್ಟಿರುತ್ತದೆ ಎಂದು ಬರೆದರೆ ಆ ಗಂಟಿಗೇ ಅವಮಾನ. ಆದರೂ ರೇಷನ್ ಅಕ್ಕಿ, ರಾಗಿ, ಹುರುಳಿಕಾಳು ಇದ್ದವು. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು ಪುಕ್ಕಟೆ, ಬೇಲಿಯ ನುಗ್ಗೆಸೊಪ್ಪು ಅದಕ್ಕಿಂತ ಪುಕ್ಕಟೆ. ಮಂಡಿಯ ಹುಡುಗರಿಗೆ ನಾನು ತೋಳು ಮಡಚಿ ತೋರಿಸಿ ಭಾಷಣ ಬಿಗಿಯುತ್ತಿದ್ದೆ: “ದುಡ್ಡಿರೋರು ಬೇಕರಿ ತಿಂದು ಆಸ್ಪತ್ರೆ ಸೇರ್ತಾರೆ ಕಣ್ರೋ. ನಮ್ಮವ್ವನ ಬಸ್ಸಾರು ನೋಡಿ, ಡಾಕ್ಟ್ರೇ ಬರೆದುಕೊಟ್ಟಂಗಿದೆ!”

ಒಂದು ಭಾನುವಾರ ಲಾರಿ ಬರಲಿಲ್ಲ. ಎಂದಿನಂತೆ ಮೊದಲು ಉಂಡು ಪಡಸಾಲೆಯಲ್ಲಿ ಅಡ್ಡಾದೆ. ಕೆಲಸದ ದಿನಗಳಲ್ಲಿ ನಾನು ಉಂಡವನೇ ಓಡುತ್ತಿದ್ದೆ, ರಾತ್ರಿ ಉಂಡವನೇ ಮಲಗುತ್ತಿದ್ದೆ. ಹೆಂಗಸರು ಏನು ಉಣ್ಣುತ್ತಾರೆಂದು ಕಣ್ಣಾರೆ ನೋಡಿದ್ದು ಅಂದೇ. ಇಬ್ಬರ ತಟ್ಟೆಯಲ್ಲೂ ಒಂದೊಂದು ಮುದ್ದೆ, ಸುತ್ತ ತೆಳ್ಳನೆಯ ಸಾರು. ಅದರಲ್ಲಿ ಒಂದು ಕಾಳಿರಲಿಲ್ಲ, ಒಂದೆಳೆ ಸೊಪ್ಪಿರಲಿಲ್ಲ.

ಬಸ್ಸಾರೆಂದರೆ ಗೊತ್ತಲ್ಲ. ಸೊಪ್ಪು ಕಾಳು ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಆ ಪಲ್ಯವೆಲ್ಲ, ಅಷ್ಟು ದಿನವೂ, ನನ್ನ ತಟ್ಟೆಗೆ ಬೀಳುತ್ತಿತ್ತು. ಅಕ್ಕ ನರ್ಸಮ್ಮನಿಗೆ ಸುಳ್ಳು ಹೇಳಿರಲಿಲ್ಲ. ಬಸ್ಸಾರು ಉಂಡವಳಿಗೆ ಸೊಪ್ಪು ಕಾಳು ಉಂಡೆನೆಂದೇ ಲೆಕ್ಕ.

“ಅವ್ವ, ಪಲ್ಯ ಎಲ್ಲಿ?”

“ನೀನು ತಿಂದ್ಯಲ್ಲಪ್ಪ. ಇನ್ನೂ ಬೇಕಿತ್ತಾ?” ಅವಳು ಗಾಬರಿಯಾದಳು.

“ನನಗಲ್ಲ, ಅಕ್ಕಂಗೆ! ದಿನಾ ಹಿಂಗೇನಾ ನೀವು ಉಣ್ಣೋದು?”

“ಮೂಟೆ ಹೊರೋನು ನೀನು. ನಾವು ಹೆಂಗಸ್ರು, ಹೆಂಗೋ ಆಯ್ತದೆ.”

“ಅವಳೂ ಹೊರ್ತಿದಾಳಲ್ಲವ್ವ!”

ಅಕ್ಕ ತಲೆಯೆತ್ತಲಿಲ್ಲ. “ಸುಮ್ನಿರೋ. ಅನ್ನದ ಮುಂದೆ ಜಗಳ ಬೇಡ,” ಎಂದು ಎದ್ದವಳು ನೀರಿನ ಚೊಂಬು ಎತ್ತುವಷ್ಟಕ್ಕೇ ಉಸಿರಿಗಾಗಿ ನಿಂತಳು. ಅವತ್ತು ಅವಳನ್ನು ಯಾರೂ ನಗಿಸಿರಲಿಲ್ಲ.

ಮಾರನೆಯ ದಿನದಿಂದ ಪಲ್ಯ ಅಕ್ಕನ ತಟ್ಟೆಗೆ. ಅವ್ವ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು. ಕಾಳನ್ನು ಎರಡರಷ್ಟು ಹಾಕಲು ಮಡಕೆಯಲ್ಲಿ ಅಷ್ಟಿರಲಿಲ್ಲ, ಒಂದೇ ಒಂದು ಹಿಡಿ ಹೆಚ್ಚಾಯಿತು. ಸೊಪ್ಪು ಪುಕ್ಕಟೆಯಾದರೂ ಕೂಲಿ ಮುಗಿಸಿ ಬರುವ ಅವ್ವನಿಗೆ ಒಂದು ಮಡಿಲಿಗಿಂತ ಹೆಚ್ಚು ಕೀಳಲು ಹೊತ್ತಿರಲಿಲ್ಲ. ಮುದ್ದೆ ಕಟ್ಟು ಉಂಡು ಹೋದವನಿಗೆ ಹನ್ನೊಂದು ಗಂಟೆಗೆಲ್ಲ ಕಾಲು ನಡುಗುತ್ತಿತ್ತು. ಒಂದು ದಿನ ಮೂಟೆ ಜಾರಿ ಕಾಯಿಗಳೆಲ್ಲ ಉರುಳಿದವು. “ಡಾಕ್ಟ್ರ ಬಸ್ಸಾರು ಎಲ್ಲೋಯ್ತೋ?” ಎಂದು ಮಂಡಿಯವರು ನನ್ನದೇ ಭಾಷಣವನ್ನು ನನ್ನದೇ ದನಿಯಲ್ಲಿ ಒಪ್ಪಿಸಿದರು. ಚೆನ್ನಾಗಿಯೇ ಮಾಡಿದರು, ಅದು ಇನ್ನೂ ಉರಿಯಿತು. ಪುಕ್ಕಟೆ ಸೊಪ್ಪಿನಲ್ಲಿ ಬಡವರು ಚೆನ್ನಾಗಿ ಉಣ್ಣಬಹುದೆಂದು ನಾನು ಹೇಳುತ್ತಿದ್ದುದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಒಬ್ಬರು ಉಣ್ಣಬಹುದಿತ್ತು. ಆ ಒಬ್ಬ ನಾನಾಗಿದ್ದೆ, ಅಷ್ಟೇ.

ತಿಂಗಳಾದ ಮೇಲೆ ಮತ್ತೆ ಮೂವರೂ ತರೀಕೆರೆಗೆ ಹೋದೆವು. ಬೆರಳಿಗೆ ಸೂಜಿ ಚುಚ್ಚುವಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ನಾಟುವಷ್ಟು. ಕೊನೆಗೆ ಒಳಗಿನಿಂದ ಚೀಟಿ ಬಂತು.

“ಎಂಟೂವರೆ,” ಎಂದರು ನರ್ಸಮ್ಮ.

“ಸರಿಯಾಗಿ ನೋಡಿ ಮೇಡಂ,” ಎಂದಳು ಅಕ್ಕ.

“ನೋಡೇ ಹೇಳ್ತಿರೋದಮ್ಮ. ಶಿವಮೊಗ್ಗ ಸದ್ಯಕ್ಕೆ ಬೇಡ. ಆದ್ರೆ ಇದು ಸಾಲ್ದು, ಹತ್ತಾದ್ರೂ ಆಗ್ಬೇಕು. ಮಾತ್ರೆ, ಸೊಪ್ಪು, ಕಾಳು, ಹೆರಿಗೆವರೆಗೂ ಹಿಂಗೇ ನಡೀಲಿ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನರ್ಸಮ್ಮನ ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: “ಹಂಗಾರೆ ತಾಯೀ, ಇನ್ಮೇಲೆ ಇವನಿಗೂ ಒಂದ್ ಸೌಟು ಪಲ್ಯ ಬಡಿಸಬೋದಾ?”

ನರ್ಸಮ್ಮನಿಗೆ ಅರ್ಥವಾಗಲಿಲ್ಲ. ಅಕ್ಕ ನನ್ನ ಮುಖ ನೋಡಿದಳು.

“ಹೆರಿಗೆ ಆಗ್ಲಿ ಬಾರವ್ವ,” ಎಂದೆ.