ಬಾಡಿಗೆ ಮ್ಯಾಟಿನ ಅಣ್ಣ

ಅವರ ಅಂಗಿಯ ಎಡಭುಜದ ಮೇಲೆ ಅಂಗೈಯಗಲ ಕಪ್ಪು ಕಲೆ ಇರುತ್ತಿತ್ತು. ಯಾವ ಅಂಗಿ ಹಾಕಿದರೂ ಅದೇ ಜಾಗ. ಸುತ್ತಿದ ಮ್ಯಾಟುಗಳ ರಬ್ಬರ್ ಉಜ್ಜಿ ಉಜ್ಜಿ ಆದದ್ದು. ಭುಜವೂ ಆ ಕಡೆಗೆ ತುಸು ವಾಲಿತ್ತು. ಮುಂಬೈ ಬಳಿಯ ಕಲ್ಯಾಣದ ಲ್ಯಾಬೊಂದರ ರಿಸೆಪ್ಶನ್ನಿನಲ್ಲಿ ನಾನು ಕೂರುತ್ತಿದ್ದಾಗ, ಪ್ರತಿ ಸೋಮವಾರ ಬಂದು ಬಾಗಿಲ ಬಳಿಯ ಕಾಲೊರೆಸುವ ಬಾಡಿಗೆ ಮ್ಯಾಟ್ ಬದಲಿಸಿ, ಕೊಳೆಯಾದದ್ದನ್ನು ತೊಳೆಯಲು ಒಯ್ಯುತ್ತಿದ್ದರು. ವಿಜಯಪುರ ಕಡೆಯವರು. ನಾನು ಕನ್ನಡದವಳೆಂದು ತಿಳಿದ ದಿನದಿಂದ ಅವರಿಗೆ ನಾನು ‘ಅಕ್ಕಾರು’, ನನಗೆ ಅವರು ‘ಮ್ಯಾಟಣ್ಣ’.

ಡೊಂಬಿವಲಿಯಲ್ಲಿ ನಮ್ಮ ಯಜಮಾನರು ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿದಾಗ ನಾನೇ ಕೇಳಿದೆ: “ನಿಮ್ಮ ಈ ಧಂದೆ ನಮ್ಮಿಂದಲೂ ಆದೀತಾ ಮಾರಾಯ್ರೇ?”

ಬೇರೆಯವರಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ಅವರು ನಕ್ಕರು. “ಉಡುಪಿ ಮಂದಿ ಇಡ್ಲಿ ಬಿಟ್ಟು ಮ್ಯಾಟಿಗೆ ಬಂದ್ರ ನಮ್ಮ ಗತಿ ಏನ್ರೀ?” ಎಂದು ಛೇಡಿಸಿ, ಮುಂದಿನ ಭಾನುವಾರ ಮನೆಗೇ ಬಂದರು. ಎಷ್ಟು ಸೋಪು, ಮಳೆಗಾಲದಲ್ಲಿ ಫ್ಯಾನಿನಡಿ ಹೇಗೆ ಒಣಗಿಸಬೇಕು, ಅಂಚು ಎದ್ದರೆ ಹೇಗೆ ಮಗುಚಿ ಭಾರ ಹೇರಬೇಕು, ಎಲ್ಲ ಕಲಿಸಿದರು. ಕಲ್ಯಾಣ, ಠಾಣೆ ಊರುಗಳ ಗಿರಾಕಿಗಳು ಅವರದು. ಕೋಪರಖೈರಣೆ ಕಡೆ ನಮ್ಮದು ಎಂದು ಮಾತಾಯಿತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಂದರು: “ಸ್ವಚ್ಛ ಮ್ಯಾಟ್ ತರದನ ಹೊಲಸಂದು ಎತ್ತಬ್ಯಾಡ್ರಿ ಅಕ್ಕಾರ. ನೆಲ ಖಾಲಿ ಕಂಡ್ರ ಮತ್ತೊಬ್ಬಂವ ಬಂದು ಹಾಸ್ತಾನ.”

ಆ ಮತ್ತೊಬ್ಬಳು ನಾನೇ ಆದೆ.

ನಮ್ಮ ಧಂದೆಯ ಎರಡನೆಯ ಮಳೆಗಾಲದಲ್ಲಿ ಅವರಿಗೆ ಕಾಮಾಲೆ. ಠಾಣೆಯ ದೊಡ್ಡ ಆಫೀಸೊಂದರ ಲಾಬಿಯಲ್ಲಿ ಅವರ ಮ್ಯಾಟುಗಳು ಎರಡು ವಾರ ಬದಲಾಗದೆ ನೆನೆದು ನಾತ ಹೊಡೆದವು. ಮ್ಯಾನೇಜರ್ ಅವನ್ನು ಹೊರಗೆಸೆದು ನನಗೆ ಫೋನ್ ಮಾಡಿದ. “ಮ್ಯಾಡಮ್, ಆಜ್ ಹೀ ಚಾಹಿಯೆ.” ಇವತ್ತೇ ಬೇಕಂತೆ. ತನಗೆ ಬರಲಾಗದಿದ್ದರೆ ಇರಲಿ ಎಂದು ನನ್ನ ನಂಬರ್ ಅವನಿಗೆ ಕೊಟ್ಟಿದ್ದವರೂ ಮ್ಯಾಟಣ್ಣನೇ.

ಅವರು ಏಳುವವರೆಗೆ ಎಂದುಕೊಂಡೇ ಹಾಸಿದೆ. ತಿಂಗಳಾದ ಮೇಲೆ ಮ್ಯಾನೇಜರ್ ವರ್ಷದ ಕರಾರು ಮುಂದಿಟ್ಟ. ಮ್ಯಾಟಣ್ಣನ ಸಂಸಾರ ನಡೆಯುತ್ತಿದ್ದುದೇ ಆ ಲಾಬಿಯಿಂದ ಎಂದು ನನಗೆ ಗೊತ್ತಿತ್ತು. ನನ್ನ ಮಗಳ ಕಾಲೇಜು, ಮನೆಯಲ್ಲಿ ಕೂತ ಗಂಡ, ನೆಪಗಳಿಗೇನು ಬರ? ಸಹಿ ಹಾಕಿದೆ.

ಮ್ಯಾಟಣ್ಣ ಚೇತರಿಸಿಕೊಂಡು ಲಾಬಿಗೆ ಬಂದ ದಿನ ಭುಜದ ಮೇಲೆ ಮ್ಯಾಟ್ ಹೊತ್ತೇ ಬಂದರು. ನಾನು ಅಲ್ಲೇ ಇದ್ದೆ. ಎಲ್ಲ ಗೊತ್ತಾಗಲು ಒಂದು ಗಳಿಗೆ ಸಾಕಾಯಿತು. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಹಾಸಿದ್ದನ್ನು ತುಳಿಯದೆ ದಾಟಿ, ಬಗ್ಗಿ ಅದರ ಮೂಲೆ ಒತ್ತಿದರು. “ಅಂಚು ಎದ್ದೈತ್ರಿ ಅಕ್ಕಾರ. ಯಾರರ ಎಡವ್ಯಾರು.” ಆಮೇಲೆ ಎಂದೂ ನನ್ನ ಫೋನ್ ಎತ್ತಲಿಲ್ಲ.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಬದಲಾಪುರದ ಅವರ ಮನೆ ಹೊಸ್ತಿಲಲ್ಲಿ ಜನ ಒದ್ದೆಗಾಲಲ್ಲಿ ಜಾರುತ್ತಿದ್ದರು. ನನ್ನ ಟೆಂಪೋದಿಂದ ಒಳ್ಳೆಯದೊಂದು ಮ್ಯಾಟ್ ತಂದು ಹಾಸಿದೆ. ಅವರ ಹೆಂಡತಿ ಶವದ ಬದಿಯಿಂದ ಎದ್ದು ಬಂದರು.

“ತಗೀರಿ ಅದನ್ನ. ನಮ್ಮ ನೆಲ ಖಾಲೀನ ಇರ್ಲಿ.”

ಮಂಡಿಯೂರಿ ಮ್ಯಾಟ್ ಸುತ್ತತೊಡಗಿದೆ. ಜನ ನನ್ನ ಪಕ್ಕದಿಂದ ಸರಿದು ಒಳಗೆ ಹೋಗುತ್ತಿದ್ದರು.