ಅತ್ತೆಯ ಹೆಸರು ಬರೆದ ಸೊಸೆ

ಸುಸಾಮಿರ್ ಹುಲ್ಲುಗಾವಲಿನಲ್ಲಿ ಸೂರ್ಯ ಇನ್ನೂ ಬೆಟ್ಟದ ಆಚೆಗೇ ಇದ್ದಾನೆ. ಬುರುಲ್ ಒಂದು ಮಂಡಿಯೂರಿ, ಇನ್ನೊಂದು ತೊಡೆಯ ಮೇಲೆ ಬಕೆಟ್ ಇಟ್ಟುಕೊಂಡು, ಕುದುರೆಯ ಹಿಂಗಾಲನ್ನು ತೋಳಿನಿಂದ ಬಳಸಿ ಹಾಲು ಕರೆಯುತ್ತಿದ್ದಾಳೆ. ಎರಡು ಗುಟುಕು ಕುಡಿದ ಮರಿಯನ್ನು ಹಗ್ಗದಿಂದ ಎಳೆದು ಹಿಡಿದಿರುವವರು ಅತ್ತೆ ಸಾಲ್ಕಿನ್. ಅವರಿಗೆ ಎಪ್ಪತ್ತೊಂದು, ಬಾಯಿಗೆ ಮಾತ್ರ ವಯಸ್ಸಾಗಿಲ್ಲ.

"ಬೇಗ ಕರಿಯೇ! ಕುದುರೆ ನಿನ್ನ ನೋಟ್‌ಬುಕ್ ಅಲ್ಲ, ಯೋಚಿಸ್ತಾ ಕೂರೋಕೆ."

"ಕರೀತಾ ಇದೀನಲ್ಲ ಅಪಾ. ನೀವು ಕೂಗಿ ಅದನ್ನ ಹೆದರಿಸ್ಬೇಡಿ." ಅತ್ತೆಯನ್ನು ಬುರುಲ್ ಕರೆಯುವುದು ಹಾಗೆ; ಅಪಾ ಎಂದರೆ ಅಮ್ಮ.

ಹದಿನಾಲ್ಕು ಕುದುರೆ, ದಿನಕ್ಕೆ ಆರು ಸಲ. ಎರಡು ಗಂಟೆಗೊಮ್ಮೆ ಕರೆಯದಿದ್ದರೆ ಹಾಲು ಬತ್ತುತ್ತದೆ. ಕರೆದದ್ದನ್ನು ಚರ್ಮದ ಚೀಲಕ್ಕೆ ಸುರಿದು, ಹುಳಿಯೇರಿ ಕುಮಿಸ್ ಎಂಬ ಪಾನೀಯವಾಗುವ ತನಕ ಕಡೆಯಬೇಕು. ಇದರ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ಮೂವತ್ತೊಂಬತ್ತರ ಬುರುಲ್ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕುಳಿತು ಕಥೆ ಬರೆಯುತ್ತಾಳೆ. ಕುಮಿಸ್ ಕೊಳ್ಳಲು ರಸ್ತೆಯಲ್ಲಿ ಕಾರು ನಿಲ್ಲಿಸುವವರಿಗೆ ಅದು ಗೊತ್ತಿಲ್ಲ.

ಬರೆಯುವ ಹುಚ್ಚು ಹುಡುಗಿಯಾಗಿದ್ದಾಗಿನದು. ತೊಡಕು ಬಂದದ್ದು ಮದುವೆಯಾದ ಮೇಲೆ. ಇಲ್ಲಿನ ರೂಢಿಯಂತೆ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹೇಳುವಂತಿಲ್ಲ. ಅತ್ತೆ, ಮಾವ, ಮಾವನ ಆರು ಅಣ್ಣತಮ್ಮಂದಿರು, ಭಾವಂದಿರು ಎಲ್ಲ ಸೇರಿ ಬುರುಲ್ ಪಾಲಿಗೆ ಇಪ್ಪತ್ತಮೂರು ಹೆಸರು. ಬಾಯಿ ಕಲಿತ ಹೆದರಿಕೆಯನ್ನು ಕೈಯೂ ಕಲಿಯಿತು.

"ನನ್ನ ಕಥೇಲಿ ಹೆಸರಿಲ್ದೆ ಎಲ್ರೂ ಟೋಪಿಯವರು, ಹೊಳೆಯಾಚೆಯವರು. ಒಳ್ಳೊಳ್ಳೆ ಹೆಸರನ್ನೆಲ್ಲ ಇವರ ಮನೆಯವರೇ ಇಟ್ಕೊಂಡ್ಬಿಟ್ಟಿದ್ರು!" ಎಂದು ಈಗ ನಗುತ್ತಾಳೆ.

ಆಗ ನಗು ಬಂದಿರಲಿಲ್ಲ. ಮಾವ ತೀರಿಕೊಂಡ ವರ್ಷ ಅತ್ತೆ ಒಬ್ಬರೇ ಹಿಮದಲ್ಲಿ ಘಟ್ಟ ದಾಟಿ ಕುದುರೆಗಳನ್ನು ಮನೆಗೆ ಹೊಡೆದುಕೊಂಡು ಬಂದಿದ್ದರು. ಅದನ್ನೇ ಕಥೆ ಮಾಡಿ ಪತ್ರಿಕೆಯೊಂದಕ್ಕೆ ಕಳಿಸಿದಳು. ಕಥೆ ಚೀಟಿಯೊಂದರ ಜೊತೆ ವಾಪಸು ಬಂತು: 'ನಾಯಕಿಗೆ ಹೆಸರೇ ಇಲ್ಲ. ಬರೆದವರಿಗೆ ಧೈರ್ಯ ಸಾಲದು.' ಬುರುಲ್ ಅದನ್ನು ನಂಬಿಬಿಟ್ಟಳು. ತನ್ನದು ಬರೆಯುವ ಕೈಯೇ ಅಲ್ಲ ಎಂದುಕೊಂಡು ಎರಡು ವರ್ಷ ಪೆನ್ನು ಮುಟ್ಟಲಿಲ್ಲ.

ಹೋದ ಬೇಸಿಗೆಯಲ್ಲಿ ಹಾಸಿಗೆ ಮಡಿಸುವಾಗ ನೋಟ್‌ಬುಕ್ ಅತ್ತೆಯ ಕೈಗೆ ಸಿಕ್ಕಿತು. ಕನ್ನಡಕ ಸಿಗುತ್ತಿಲ್ಲ, ನೀನೇ ಓದು ಎಂದರು. ಬುರುಲ್ ತಲೆ ತಗ್ಗಿಸಿಕೊಂಡು, ವಾಪಸು ಬಂದಿದ್ದ ಆ ಕಥೆಯನ್ನೇ ಓದಿದಳು.

"ಅದು ಕಂದು ಕುದುರೆ ಅಲ್ಲ ಕಣೇ, ಬೂದು. ಅದಿರ್ಲಿ, ಈ 'ದೊಡ್ಡವರು' ಅಂದ್ರೆ ಯಾರು?"

"ನೀವೇ, ಅಪಾ."

"ಹಿಮದಲ್ಲಿ ಎರಡು ಕಾಲ್ಬೆರಳು ಕಳ್ಕೊಂಡೋಳು ನಾನು. ನಂಗೊಂದು ಹೆಸರು ಬೇಡ್ವಾ?"

"ನಾನು ಹೇಳ್ಬಾರ್ದಲ್ಲ."

"ಕಟ್ಟು ಹಾಕಿರೋದು ಬಾಯಿಗೆ. ಕೈಗೆ ಯಾರು ಹಾಕಿದ್ರೇ? ಬರಿ!"

ಬರೆದಳು: ಸಾಲ್ಕಿನ್. ಆ ಒಂದು ಹೆಸರು ಬಿದ್ದದ್ದೇ ತಡ, ಕಥೆಯನ್ನು ಮೊದಲಿಂದ ಬರೆಯುವ ಹುರುಪು ಬಂತು. ಈ ವಸಂತದಲ್ಲಿ ಅದೇ ಪತ್ರಿಕೆ ಅದನ್ನು ಇಡೀ ಪುಟ ಅಚ್ಚು ಹಾಕಿತು.

ಕಳೆದ ತಿಂಗಳು ಹುಲ್ಲುಗಾವಲಿನ ಕೂಟದಲ್ಲಿ ಅದನ್ನು ಓದಲೇಬೇಕೆಂದು ಎಲ್ಲರೂ ಹಟ ಹಿಡಿದರು. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ಭಾವಂದಿರು. ಬರೆಯುವುದು ಬೇರೆ, ಇವರೆದುರು ಬಾಯಿಬಿಟ್ಟು ಹೇಳುವುದು ಬೇರೆ. ಹೆಸರಿನ ಜಾಗ ಬಂದಾಗ ಬುರುಲ್ ಅದರ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದಳು. ಜನ ಗುಸುಗುಸು ಎಂದರು. ಇನ್ನು ಕೂತುಬಿಡುತ್ತಾಳೆ ಎನ್ನುವಾಗ ಚಹಾ ಕುದಿಸುವ ಸಮೋವರ್ ಪಕ್ಕದಿಂದ ಅತ್ತೆ ಗಟ್ಟಿಯಾಗಿ ಕೂಗಿದರು.

"ಸಾಲ್ಕಿನ್!"

ಬುರುಲ್ ಮುಂದಕ್ಕೆ ಓದಿದಳು. ಮತ್ತೆ ಹೆಸರು ಬಂತು, ನಿಲ್ಲಿಸಿ ಅತ್ತೆಯ ಕಡೆ ನೋಡಿದಳು. "ಸಾಲ್ಕಿನ್!" ನಾಲ್ಕನೇ ಸಲಕ್ಕೆ ಹಿರೀ ಭಾವನೂ ಸೇರಿ ಕೂಟಕ್ಕೆ ಕೂಟವೇ ಕೂಗುತ್ತಿತ್ತು. ಕೊನೆಯ ಸಾಲಿನ ಹೊತ್ತಿಗೆ ಬುರುಲ್‌ಳ ದನಿ ಹೊಳೆಯಾಚೆಯ ಡೇರೆಗಳಿಗೂ ಕೇಳುತ್ತಿತ್ತಂತೆ.

ಅತ್ತೆಯ ಹೆಸರು ಬರೆದ ದಿನದಿಂದೀಚೆಗೆ ಹನ್ನೊಂದು ಕಥೆಗಳಾಗಿವೆ. ಪುಸ್ತಕ ಮಾಡೋಣ ಎಂದು ಪತ್ರಿಕೆಯವರು ಕರೆದಿದ್ದಾರೆ. "ಹೊಸ ಕಥೇಲಿ ತಾನಿಲ್ಲ ಅಂತ ಅಪಾ ಮುನಿಸ್ಕೊಂಡಿದಾರೆ," ಎನ್ನುತ್ತಾಳೆ ಬುರುಲ್. ಆಚೆಯಿಂದ ಮರಿ ಕೆನೆಯುತ್ತದೆ, ಮುಂದಿನ ಸರದಿಗೆ ಹೊತ್ತಾಗಿದೆ. ಬಕೆಟ್ ಎತ್ತಿಕೊಂಡು ಏಳುತ್ತ ಅವಳು ತನ್ನ ಆಸೆ ಹೇಳುತ್ತಾಳೆ.

"ಮಗನಿಗೆ ಇಪ್ಪತ್ತಾಗ್ತಾ ಬಂತು. ನಾಳೆ ನಂಗೂ ಸೊಸೆ ಬರ್ತಾಳೆ, ನನ್ನ ಹೆಸರು ಹೇಳೋಕೆ ಹೆದರ್ತಾಳೆ. ಪುಸ್ತಕ ಕೈಗೆ ಕೊಟ್ಟು, ಮೇಲೆ ಯಾರ ಹೆಸರಿದೆ ಓದಮ್ಮಾ ಅಂತೀನಿ. ಜೋರಾಗಿ ಓದ್ಲಿ."