ಆರು ಜನ, ಒಂದೇ ಪಾಳಿ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಚೆಂಬೂರಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಯಾರು ಯಾವ ಪಾಳಿಗೆ ಬರಬೇಕೆಂದು ಪಟ್ಟಿ ಬರೆಯುವುದು ನನ್ನ ಕೆಲಸ. ಉಡುಪಿ ಕಡೆಯಿಂದ ಬಂದವನು, ಮೆಟ್ರಿಕ್ ಪಾಸಾದವನೆಂಬ ಜಂಬ ಬೇರೆ. ನಾನು ಸೇರುವ ಮೊದಲು ಕೆಲಸಗಾರರು ಪಾಳಿಗಳನ್ನು ತಮ್ಮತಮ್ಮಲ್ಲೇ ಹೊಂದಿಸಿಕೊಳ್ಳುತ್ತಿದ್ದರು. ನನ್ನ ಕಣ್ಣಿಗೆ ಅದು ಸಂತೆ. ಹಾಜರಿ ಬಿಲ್ಲೆಯ ನಂಬರಿನ ಕ್ರಮದಲ್ಲಿ ಎಲ್ಲರನ್ನೂ ಮೂರು ಗುಂಪು ಮಾಡಿ, ವಾರಕ್ಕೊಮ್ಮೆ ಪಾಳಿ ತಿರುಗುವಂತೆ ಪಟ್ಟಿ ಬರೆದೆ. ಎಲ್ಲರಿಗೂ ಒಂದೇ ನ್ಯಾಯ ಎಂದು ಒಳಗೊಳಗೇ ಹಿಗ್ಗಿದೆ.

ಮೂರನೆಯ ವಾರ ವಿಜಾಪುರದ ಕಡೆಯ ಒಬ್ಬ ಬದಲಿ ಕೆಲಸಗಾರ, ಎಂದರೆ ಇನ್ನೂ ಕಾಯಂ ಆಗದವನು, ನನ್ನ ಕಿಟಕಿಗೆ ಬಂದ. ಅವನೂ ಅವನ ಊರಿನ ಐವರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ನಂಬರುಗಳು ಸಾಲಾಗಿದ್ದುದರಿಂದ ಆರೂ ಜನ ಒಂದೇ ಪಾಳಿಗೆ ಬಿದ್ದಿದ್ದರು. ಆಂಟಾಪ್ ಹಿಲ್‌ನಲ್ಲಿ ಅವರೆಲ್ಲರಿಗೂ ಸೇರಿ ಒಂದೇ ಖೋಲಿ. ಅದರಲ್ಲಿ ಮೂವರು ಮಲಗಬಹುದಿತ್ತು, ಅದೂ ಮಗ್ಗುಲಾಗಿ. ಮೊದಲಾದರೆ ಒಬ್ಬ ಎದ್ದು ಹೋದ ಚಾಪೆಯಲ್ಲಿ ಪಾಳಿ ಮುಗಿಸಿ ಬಂದ ಇನ್ನೊಬ್ಬ ಮಲಗುತ್ತಿದ್ದ.

"ಆರೂ ಮಂದಿ ಕೂಡೇ ಮನಿಗೆ ಹೋದ್ರ ಮಲಗೂದು ಎಲ್ಲೆ ಹೇಳ್ರಿ, ಸಾಹೇಬ್ರ?"

ನಿನಗೊಬ್ಬನಿಗೆ ಬದಲಾಯಿಸಿದರೆ ನಾಳೆ ಎಲ್ಲರೂ ಸಾಲು ನಿಲ್ಲುತ್ತಾರೆ ಎಂದೆ, ತಲೆ ಎತ್ತದೆ.

ಹಿರಿಯರಿಗೆ ಜಾಗ ಬಿಟ್ಟುಕೊಟ್ಟು ಅವನು ಚಾಳಿನ ಮೆಟ್ಟಿಲ ಮೇಲೆ ಮಲಗತೊಡಗಿದ. ಮಳೆ ಹಿಡಿದ ಮೇಲೆ ಅದೂ ತಪ್ಪಿತು. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಕೆಲಸದ ಉಸ್ತುವಾರಿಯ ಮುಕಾದಮ ಅವನನ್ನು ನನ್ನೆದುರು ತಂದು ನಿಲ್ಲಿಸಿದ. ಮೆಶಿನ್ ಪಕ್ಕ ನಿಂತಲ್ಲೇ ನಿದ್ದೆ ಹೋಗಿದ್ದನಂತೆ. ರಿಪೋರ್ಟ್ ಬರೆದವನು ನಾನೇ. ನಿದ್ದೆ ಯಾಕೆ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬರೆದೆ. ಬದಲಿಯವನಿಗೆ ವಿಚಾರಣೆ ಎಲ್ಲಿಯದು? ಸಂಜೆಯೊಳಗೆ ಅವನ ಕೆಲಸ ಹೋಯಿತು.

ಆ ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಎಲ್ಲರ ವಿಳಾಸ ಕೇಳಿ ಬರೆದುಕೊಂಡು, ಒಂದೇ ಖೋಲಿಯವರನ್ನು ಬೇರೆ ಬೇರೆ ಪಾಳಿಗೆ ಹಂಚಿದೆ. ಅಷ್ಟಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಮ್ಯಾನೇಜರ್ ಬೆನ್ನು ತಟ್ಟಿದರು. ತಪ್ಪು ನನ್ನದು, ಅವನನ್ನು ವಾಪಸ್ ಕರೆಸಿ ಎನ್ನಲು ಅದೇ ಸಮಯವಾಗಿತ್ತು. ಬಾಯಿ ಬರಲಿಲ್ಲ. ಹೇಡಿಯಾದೆ, ಅದಕ್ಕೆ ಬೇರೆ ಹೆಸರಿಲ್ಲ.

ಎರಡು ದಿನದ ನಂತರ ಅವನು ಬಿಲ್ಲೆ ಒಪ್ಪಿಸಲು ಬಂದ. ಗೋಡೆಯ ಮೇಲಿನ ಹೊಸ ಪಟ್ಟಿಯೆದುರು ನಿಂತು, ಬೆರಳಿಟ್ಟು ತನ್ನ ಐವರು ಗೆಳೆಯರ ಸಾಲುಗಳನ್ನು ಹುಡುಕಿ ಓದಿದ.

"ಈಗ ಛಲೋ ಆತ್ರಿ," ಎಂದ. "ಅವರರೆ ನಿದ್ದಿ ಮಾಡ್ತಾರ."

ದನಿಯಲ್ಲಿ ಕುಹಕವಿದ್ದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಅವನಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ನಾನು ರಿಜಿಸ್ಟರನ್ನು ಅವನ ಮುಂದೆ ಸರಿಸಿ, ಇಲ್ಲಿ ಸಹಿ ಮಾಡು ಎಂದೆ.